ಚಾಮಯ್ಯ ಕುದುರಿಸಿದ ಐರ್ಲೆಂಡ್ ಸಂಬಂಧ

ಟಿ. ನರಸೀಪುರದ ಬಸ್ ನಿಲ್ದಾಣದ ಎದುರಿಗಿರುವ ಟೀ ಅಂಗಡಿಯ ಬೆಂಚೇ ಚಾಮಯ್ಯನ ಕಚೇರಿ. ಬೆಳಗ್ಗೆ ಹೆಮ್ಮರಗಾಲದ ಮನೆ ಬಿಟ್ಟು, ನಂಜನಗೂಡಿನಲ್ಲಿ ಬಸ್ಸು ಬದಲಿಸಿ, ಕಂಕುಳಲ್ಲಿ ಛತ್ರಿ ಸಿಕ್ಕಿಸಿಕೊಂಡು ಅಲ್ಲಿ ಬಂದು ಕೂತನೆಂದರೆ ಎರಡು ತಾಲ್ಲೂಕಿನ ಗಂಡು ಹೆಣ್ಣುಗಳ ಹಣೆಬರಹ ಅವನ ಬಾಯಲ್ಲಿರುತ್ತಿತ್ತು. ಮದುವೆ ದಲ್ಲಾಳಿ ಅಂದರೆ ಅವನಿಗೆ ಮೂಗಿನ ತುದಿಯಲ್ಲಿ ಕೋಪ. "ದಲ್ಲಾಳಿ ಅನ್ನೋಕೆ ನಾನೇನು ದನ ಮಾರ್ತೀನಾ? ಸಂಬಂಧ ಕೂಡ್ಸೋನು ಅನ್ನಿ ಸಾ" ಎಂದು ತಿದ್ದುತ್ತಿದ್ದ.

ಸುಳ್ಳು ಹೇಳುತ್ತಿದ್ದನೇ ಎಂದರೆ, ಹೇಳುತ್ತಿದ್ದ. ಆದರೆ ಅದಕ್ಕೊಂದು ಮರ್ಯಾದೆ ಇಟ್ಟುಕೊಂಡಿದ್ದ. ಹುಡುಗಿ ಕಪ್ಪಗಿದ್ದರೆ ಎಣ್ಣೆಗೆಂಪು. ಹುಡುಗ ಚಿಕ್ಕಪ್ಪನ ಮಗನ ಮೊಬೈಲ್ ಅಂಗಡಿಯಲ್ಲಿ ಸುಮ್ಮನೆ ಕೂರುವವನಾದರೆ ಸ್ವಂತ ವ್ಯವಹಾರ. ಅತ್ತೆ ಜಗಳಗಂಟಿಯಾದರೆ ಮನೆಯಲ್ಲಿ ಶಿಸ್ತು ಜಾಸ್ತಿ. ಕುಡಿಯುವವನಿಗೆ ಮಾತ್ರ ಅವನು ಜನ್ಮದಲ್ಲಿ ಹೆಣ್ಣು ತೋರಿಸಿದವನಲ್ಲ. ಈಚೆಗೆ ಮೊಬೈಲಿನಲ್ಲೇ ಜನ ಗಂಡು ಹುಡುಕತೊಡಗಿ ಅವನ ಬೆಂಚು ತಣ್ಣಗಾಗಿತ್ತು. ಆದರೂ ಮೊಬೈಲಿನಲ್ಲಿ ಕೂಡಿ, ಮಾತುಕತೆಯಲ್ಲಿ ಮುರಿದುಬಿದ್ದ ಸಂಬಂಧಗಳನ್ನು ಮತ್ತೆ ಕೂಡಿಸಲು ಜನ ಅವನ ಹತ್ತಿರವೇ ಬರುತ್ತಿದ್ದರು.

ಇಂಥವನ ಮನೆಯಲ್ಲಿ ಮೂವತ್ತು ದಾಟಿದ ಮಗಳು ಮದುವೆಯಾಗದೆ ಇದ್ದಳು. ಮಧುಶ್ರೀ ನಂಜನಗೂಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅಪ್ಪ ತಂದ ಗಂಡುಗಳಿಗೆಲ್ಲ ಉಪ್ಪಿಟ್ಟು, ಕೇಸರಿಬಾತು ಕೊಟ್ಟು, "ಮನೆಯಲ್ಲಿ ಕೇಳಿ ತಿಳಿಸ್ತೀವಿ" ಎಂದು ಸಾಗಹಾಕಿದ್ದಳು. ಅವಳ ಮನಸ್ಸು ಬೇರೆ ಕಡೆ ಇತ್ತು. ಒಂದು ದಿನ ವಾರ್ಡಿನಲ್ಲಿ ಒಬ್ಬ ಮುದುಕನ ಉಸಿರಾಟ ಸರಿಯಿಲ್ಲವೆಂದು ಅವಳು ಡಾಕ್ಟರಿಗೆ ಹೇಳಿದಾಗ ಅವರು ಫೋನಿನಿಂದ ಕಣ್ಣೆತ್ತದೆ, "ನೀವು ಡ್ರಿಪ್ ನೋಡ್ಕೊಳ್ಳಿ ಸಿಸ್ಟರ್" ಅಂದಿದ್ದರು. ಸಂಜೆಯ ಹೊತ್ತಿಗೆ ಮುದುಕನನ್ನು ಮೈಸೂರಿಗೆ ಸಾಗಿಸಬೇಕಾಯಿತು. ಅದೇ ವಾರ, ಹಿಂದೆ ಅವಳ ಜೊತೆ ಕೆಲಸ ಮಾಡಿ ಈಗ ಐರ್ಲೆಂಡಿನಲ್ಲಿರುವ ಪಲ್ಲವಿ ಫೋನಿನಲ್ಲಿ, "ಇಲ್ಲಿ ನರ್ಸ್ ಏನಾದ್ರೂ ಹೇಳಿದ್ರೆ ಡಾಕ್ಟ್ರು ಕೂತ್ಕೊಂಡು ಕೇಳ್ತಾರೆ ಕಣೆ" ಅಂದಳು. ಆ ಒಂದು ಮಾತು ಮಧುಶ್ರೀಯ ಎದೆಯಲ್ಲಿ ನಾಟಿತು. ಇಂಗ್ಲಿಷ್ ಪರೀಕ್ಷೆಗೆ ಕೂತಳು, ಫೇಲಾದಳು, ಮತ್ತೆ ಕೂತು ಪಾಸಾದಳು. ಆ ದೇಶದ ನರ್ಸುಗಳ ನೋಂದಣಿಯನ್ನೂ ಮಾಡಿಸಿಕೊಂಡಳು. ಕರೆಸಿಕೊಳ್ಳುವ ಆಸ್ಪತ್ರೆಯೊಂದು ಸಿಗುವುದು ಬಾಕಿ ಇತ್ತು.

ಅದನ್ನು ಹೇಗೆ ಹುಡುಕುವುದೆಂದು ಅಪ್ಪನಿಗೆ ವಿವರಿಸಲು ಅವಳು ಒಂದು ಭಾನುವಾರ ಖರ್ಚು ಮಾಡಿದಳು.

"ನಾವಾಗಿ ಹೋಗಿ ಕೆಲಸ ಮಾಡಂಗಿಲ್ಲ ಅಪ್ಪ. ಅಲ್ಲಿನ ಆಸ್ಪತ್ರೆಯೋರೇ, ಇವಳು ನಮಗೆ ಬೇಕು ಅಂತ ಅವರ ಸರ್ಕಾರಕ್ಕೆ ಹೇಳಿ ಪರ್ಮಿಟ್ ತಗೋಬೇಕು. ಆಮೇಲೆ ವೀಸಾ. ಅದಕ್ಕೆ ಸ್ಪಾನ್ಸರ್ ಮಾಡೋದು ಅಂತಾರೆ."

ಚಾಮಯ್ಯ ಎಲೆಗೆ ಸುಣ್ಣ ಹಚ್ಚುತ್ತಾ ಯೋಚಿಸಿದ. "ಅಂದ್ರ, ಗಂಡಿನ ಕಡೆಯೋರೇ ಮುಂದಾಗಿ ಬಂದು, ಎಲ್ಲಾ ನಾವೇ ನೋಡ್ಕತೀವಿ, ಎಣ್ಣು ಕೊಡಿ ಸಾಕು ಅನ್ನೋ ಅಂಗೆ."

"ಹಂಗೇ ಅನ್ಕೋ."

"ಅಂಥ ಮನೆಗೋಳು ಈಗ ಕಮ್ಮಿ ಕಣವ್ವ. ಉಸಾರಾಗಿ ನೋಡ್ಬೇಕು" ಎಂದ ಚಾಮಯ್ಯ. ಆ ಕ್ಷಣದಿಂದ ಇಡೀ ವ್ಯವಹಾರವನ್ನು ತಾನೇ ವಹಿಸಿಕೊಂಡ. ವಹಿಸಿಕೊಳ್ಳೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮೊದಲು ಇಬ್ಬರೂ ಮೈಸೂರಿನ ಒಬ್ಬ ಏಜೆಂಟನ ಬಳಿ ಹೋದರು. ಗೋಡೆಯ ತುಂಬ ವಿಮಾನದ ಚಿತ್ರ, ಮೇಜಿನ ಮೇಲೆ ಪುಟ್ಟ ಪುಟ್ಟ ಬಾವುಟ. ಏಜೆಂಟ್ ನಗುನಗುತ್ತಾ, "ನೂರಕ್ಕೆ ನೂರು ಆಗೋಗುತ್ತೆ ಸಾರ್, ತಲೆ ಕೆಡಿಸ್ಕೋಬೇಡಿ" ಎಂದದ್ದೇ ತಡ, ಚಾಮಯ್ಯ ಛತ್ರಿ ತೆಗೆದುಕೊಂಡು ಎದ್ದುಬಿಟ್ಟ. ಬೀದಿಗೆ ಬಂದಮೇಲೆ ಮಗಳು, "ಯಾಕಪ್ಪ, ಮಾತೇ ಮುಗಿದಿರಲಿಲ್ಲ?" ಎಂದು ರೇಗಿದಳು.

"ಆ ಮಾತ ನಾನೂ ಆಡ್ತೀನಿ ಕಣವ್ವ. ಗಂಡ್ಗೆ ಕೆಲ್ಸಾನೂ ಇಲ್ಲ, ಜಮೀನೂ ಇಲ್ಲ ಅಂದಾಗ."

ಆಮೇಲೆ ಮಧುಶ್ರೀ ಕಂಪ್ಯೂಟರಿನಲ್ಲಿ ಹುಡುಕಿ, ಯಾವ ಯಾವ ಆಸ್ಪತ್ರೆಗೆ ಎಷ್ಟೆಷ್ಟು ಪರ್ಮಿಟ್ ಕೊಟ್ಟಿದ್ದೇವೆಂದು ಆ ದೇಶದ ಸರ್ಕಾರವೇ ಪ್ರಕಟಿಸುತ್ತದೆಂದು ಕಂಡುಕೊಂಡಳು. ಇದನ್ನು ಕೇಳಿ ಚಾಮಯ್ಯನಿಗೆ ದಿಗಿಲಾಯಿತು. ಯಾರ ಮನೆಗೆ ಹೊರಗಿನಿಂದ ಎಷ್ಟು ಹೆಣ್ಣು ತಂದಿದ್ದಾರೆಂದು ಸರ್ಕಾರವೇ ಹೇಳುವುದಾದರೆ ತನ್ನಂಥವನ ಗತಿ ಏನು? ಆದರೂ ಸುಧಾರಿಸಿಕೊಂಡು ತನ್ನ ಪದ್ಧತಿಯಂತೆ ತೀರ್ಪು ಕೊಟ್ಟ: "ನಮ್ ಕಡೆ ಎಣ್ಣು ಆಗ್ಲೇ ಓಗಿ, ಅಳ್ದೆ ಬಾಳ್ತಾ ಇರೋ ಮನೆಗೇ ನಾವೂ ಕೊಡ್ಬೇಕು." ಹೀಗೆ ಪಲ್ಲವಿ ಇರುವ ಆಸ್ಪತ್ರೆಗೇ ಅರ್ಜಿ ಹೋಯಿತು. ಚಾಮಯ್ಯ ಪಲ್ಲವಿಗೆ ಫೋನು ಹಚ್ಚಿ ಆಸ್ಪತ್ರೆಯ ಮನೆತನವನ್ನೆಲ್ಲ ವಿಚಾರಿಸಿದ. ಊಟ ತಡವಾದರೆ ಬೈಯುತ್ತಾರೆಯೇ, ಹಬ್ಬಕ್ಕೆ ಕಳಿಸುತ್ತಾರೆಯೇ, ದೊಡ್ಡವರು ಯಾರು, ಅವರ ಬಾಯಿ ಹೇಗೆ? ಪಲ್ಲವಿ ನಗು ತಡೆದುಕೊಂಡು ಉತ್ತರ ಕೊಟ್ಟಳು. ಅಲ್ಲಿ ನರ್ಸುಗಳ ಮೇಲ್ವಿಚಾರಕಿ ನೋರಾ ಎಂಬ ಹೆಂಗಸು, ಒಳ್ಳೆಯವರು, ಆದರೆ ಒಂದು ಮಾತಿನವರು.

ಅರ್ಜಿ ಹಾಕಿದ ತಿಂಗಳೊಳಗೆ ವೀಡಿಯೋ ಸಂದರ್ಶನ ಗೊತ್ತಾಯಿತು.

ಆ ದಿನ ಚಾಮಯ್ಯನ ಹೆಂಡತಿ ಮಂಚಮ್ಮ ಬೆಳಗ್ಗೆಯೇ ಕೇಸರಿಬಾತು ಮಾಡಿಟ್ಟಳು. ಅವರು ತಿನ್ನಲಾರರೆಂದು ಮಗಳು ಹೇಳಿದರೆ, "ತಿನ್ನದಿದ್ರೆ ಬುಡ್ಲಿ, ಮಾಡ್ನಿಲ್ಲ ಅಂತ ಆಗಬಾರ್ದು" ಅಂದಳು. ಚಾಮಯ್ಯ ಬಾಯಿ ಬಿಡಕೂಡದು ಎಂಬ ಷರತ್ತಿನ ಮೇಲೆ ಲ್ಯಾಪ್‌ಟಾಪಿನ ಹಿಂದೆ, ಮಗಳಿಗೆ ಮಾತ್ರ ಕಾಣುವಂತೆ ಕುಕ್ಕರುಗಾಲಿನಲ್ಲಿ ಕೂತ. ಹಿಂದಿನ ದಿನವೇ ಪಾಠ ಹೇಳಿದ್ದ: "ಏನಾರ ಆಗ್ಲಿ, ಮೊದಲ್ನೇ ದಿನಾನೇ ಊಂ ಅನ್ಬಾರ್ದು. ಊಂ ಅಂದ್ರೆ ಎಣ್ಣಲ್ಲಿ ಏನೋ ಐಬು ಅದೆ, ಅದ್ಕೆ ಮೇಲೆ ಬೀಳ್ತಾವ್ರೆ ಅಂತ ತಿಳ್ಕತಾರೆ."

ನೋರಾ ಮೇಡಂ ಕೇಳಿದ ಪ್ರಶ್ನೆಗಳಿಗೆಲ್ಲ ಮಧುಶ್ರೀ ಪಟಪಟ ಉತ್ತರಿಸಿದಳು. ಯಾವ ಔಷಧಿ, ಎಷ್ಟು, ರೋಗಿ ಏದುಸಿರು ಬಿಟ್ಟರೆ ಮೊದಲು ಏನು, ಎಲ್ಲ ನಾಲಿಗೆ ತುದಿಯಲ್ಲಿತ್ತು. ಮೇಡಂ ಕನ್ನಡಕ ತೆಗೆದಿಟ್ಟು ನಕ್ಕು, "ನನಗೆ ನೀವು ಬೇಕು. ನಾವೇ ಪರ್ಮಿಟ್ ಮಾಡಿಸುತ್ತೇವೆ. ಬರುತ್ತೀರಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಈ ಪ್ರಶ್ನೆ ಇವತ್ತೇ ಬರುತ್ತದೆಂದು ಮಧುಶ್ರೀ ಎಣಿಸಿರಲಿಲ್ಲ. ಅವಳ ಕಣ್ಣು ತಾನಾಗಿ ಅಪ್ಪನ ಕಡೆ ಹೋಯಿತು. ಅಪ್ಪ ಎರಡೂ ಕೈ ಮೇಲೆತ್ತಿ, ಬಸ್ಸು ನಿಲ್ಲಿಸುವವನ ಹಾಗೆ ಬೀಸುತ್ತಿದ್ದ. ಅಷ್ಟು ಗಂಡುಗಳಿಗೆ ಹೇಳಿ ಹೇಳಿ ರೂಢಿಯಾಗಿದ್ದ ಮಾತು ಇಂಗ್ಲಿಷಿನಲ್ಲಿ ಹೊರಬಿತ್ತು: "ಮನೆಯ ಹಿರಿಯರನ್ನು ಕೇಳಿ ತಿಳಿಸುತ್ತೇನೆ."

ಮೇಡಂ ಮುಖದ ನಗು ಸಣ್ಣದಾಯಿತು. "ಸರಿ" ಎಂದು ಕರೆ ಮುಗಿಸಿದರು.

ಚಾಮಯ್ಯನಿಗೆ ಸ್ವರ್ಗ ಮೂರೇ ಗೇಣು. "ಈಗ ನೋಡು, ಅವ್ರಾಗೇ ಇಂದೆ ಬೀಳ್ತಾರೆ" ಎಂದು ಕೇಸರಿಬಾತು ಎರಡು ಸಲ ಹಾಕಿಸಿಕೊಂಡ. ಮರುದಿನವೇ ಒಪ್ಪಿಗೆ ಕಳಿಸುತ್ತೇನೆಂದ ಮಗಳನ್ನು, ಒಂದು ವಾರವಾದರೂ ಕಾಯಿಸದಿದ್ದರೆ ಬೆಲೆ ಇರುವುದಿಲ್ಲ ಎಂದು ತಡೆದ. ಹಟ ಮಾಡಿ ಅವನು ಗೆದ್ದ. ವಾರ ತುಂಬುವ ಮುಂಚೆಯೇ ಈಮೇಲ್ ಬಂತು. ನಿಮಗೆ ಮನಸ್ಸಿಲ್ಲವೆಂದು ತಿಳಿದು ಬೇರೊಬ್ಬರನ್ನು ವಿಚಾರಿಸುತ್ತಿದ್ದೇವೆ, ಒಳ್ಳೆಯದಾಗಲಿ ಎಂದಿತ್ತು.

ಮಧುಶ್ರೀ ಅದನ್ನು ಓದಿ ಹೇಳಿದಳು. ಮಂಚಮ್ಮ ಗಂಡನನ್ನು ಬಾಯಿಗೆ ಬಂದಂತೆ ಬೈದಳು. ಅದನ್ನು ಚಾಮಯ್ಯ ತಡೆದುಕೊಂಡ, ಮೂವತ್ತಕ್ಕೂ ಹೆಚ್ಚು ವರ್ಷದ ಅಭ್ಯಾಸವಿತ್ತು. ಆದರೆ ಮಗಳು, "ಹೋಗ್ಲಿ ಬುಡವ್ವ, ಅಪ್ಪನ ತಪ್ಪಲ್ಲ. ನಾನೇ ತಾನೆ ಹೇಳಿದ್ದು" ಎಂದು ಸಮವಸ್ತ್ರ ಇಸ್ತ್ರಿ ಮಾಡಲು ಕೂತಳು. ಇಸ್ತ್ರಿ ಮಾಡಿದ್ದನ್ನೇ ಮತ್ತೆ ಇಸ್ತ್ರಿ ಮಾಡುತ್ತಿದ್ದಳು. ಚಾಮಯ್ಯನಿಗೆ ಅದನ್ನು ನೋಡಲಾಗಲಿಲ್ಲ. ಎದ್ದು ಹಿತ್ತಿಲಿಗೆ ಹೋದ.

ಮರುದಿನ ಅವನು ನರಸೀಪುರಕ್ಕೆ ಹೋಗಲಿಲ್ಲ. ಮುರಿದ ಸಂಬಂಧ ಕೂಡಿಸಲು ಅವನಿಗೆ ಒಂದೇ ದಾರಿ ಗೊತ್ತಿತ್ತು. ಎದುರು ಪಾರ್ಟಿಯ ಅಂಗಳದಲ್ಲಿ ಹೋಗಿ ನಿಲ್ಲುವುದು, ಕೂರು ಎಂದರೂ ಕೂರದೆ, ತಪ್ಪೆಲ್ಲ ತನ್ನದೆಂದು ಒಪ್ಪಿಕೊಳ್ಳುವುದು. ಹೆಣ್ಣಿನ ಮೇಲೂ ಬರಬಾರದು, ಗಂಡಿನ ಮೇಲೂ ಬರಬಾರದು, ಬೈಗುಳವೆಲ್ಲ ನಡುವಿನವನಿಗೆ. ಈ ಸಲ ಅಂಗಳ ಐರ್ಲೆಂಡಿನಲ್ಲಿತ್ತು. ಪಲ್ಲವಿಗೆ ಫೋನು ಮಾಡಿ, "ಅವ್ವಾ ಪಲ್ಲವಿ, ನಿಮ್ ದೊಡ್ಡಮ್ಮಾವ್ರ ಮುಂದೆ ಒಂದ್ ಗಳಿಗೆ ನಾನು ನಿಂತ್ಕಬೇಕು, ಏನಾರ ಮಾಡು" ಎಂದು ಅಂಗಲಾಚಿದ. ಪಲ್ಲವಿ ಏನು ಹೇಳಿದಳೋ, ನೋರಾ ಮೇಡಂ ಹತ್ತು ನಿಮಿಷ ಕೊಡಲು ಒಪ್ಪಿದರು. ಸುದ್ದಿ ಕೇಳಿ ಮಧುಶ್ರೀ ತಲೆಯ ಮೇಲೆ ಕೈ ಹೊತ್ತಳು. "ಇನ್ನೂ ಇರೋ ಮಾನಾನೂ ಕಳೀತೀಯಾ?" ಎಂದಳು. ಆದರೂ ಲ್ಯಾಪ್‌ಟಾಪ್ ತೆರೆದಳು.

ಚಾಮಯ್ಯ ಒಗೆದ ಪಂಚೆ ಉಟ್ಟು, ಪರದೆಯ ಮುಂದೆ ಕೈಮುಗಿದು ನಿಂತೇ ಮಾತಾಡಿದ. ಮಗಳು ಪಕ್ಕದಲ್ಲಿ ಕೂತು ಇಂಗ್ಲಿಷಿಗೆ ತಿರುಗಿಸಿದಳು.

"ತಾಯಿ, ತಪ್ಪು ನಂದು. ಮಗಳು ಮೊದಲ್ನೇ ದಿನಾನೇ ಬತ್ತೀನಿ ಅನ್ನೋಳು. ನಾನು ಮದ್ವೆ ಕೂಡ್ಸೋನು. ನಮ್ಮಲ್ಲಿ ಕೇಳಿದ ಕೂಡ್ಲೇ ಊಂ ಅಂದ್ರೆ ಮರ್ವಾದೆ ಅಲ್ಲ. ನಿಮ್ ಆಸ್ಪತ್ರೆನ ನಾನು ಗಂಡಿನ ಮನೆ ಅಂದ್ಕಬುಟ್ಟೆ."

ಮಧುಶ್ರೀ ಇದನ್ನು ಹೇಳುತ್ತಾ ಹೇಳುತ್ತಾ ಕೆಂಪಾದಳು. ನೋರಾ ಮೇಡಂ ಮೊದಲು ಹುಬ್ಬು ಗಂಟಿಕ್ಕಿದರು. ಆಮೇಲೆ ಕುರ್ಚಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತಮೇಲೆ, "ಸರಿ, ಮದುವೆ ಮಾಡಿಸುವವರಾಗಿ ಈ ಹುಡುಗಿಯ ಬಗ್ಗೆ ಏನು ಹೇಳುತ್ತೀರಿ?" ಎಂದು ಕೇಳಿದರು.

ಚಾಮಯ್ಯ ಬಾಯಿ ತೆರೆದ. ಎಷ್ಟೋ ಹೆಣ್ಣುಗಳನ್ನು ಹೊಗಳಿ ಸವೆದ ಮಾತುಗಳು ಅಲ್ಲೇ ಸಾಲಾಗಿ ನಿಂತಿದ್ದವು. ಒಂದನ್ನೂ ಆಡಲು ಮನಸ್ಸು ಬರಲಿಲ್ಲ.

"ಅಟಮಾರಿ" ಎಂದ. "ಕ್ವಾಪ ಜಾಸ್ತಿ. ಅಡಿಗೆ ಅಷ್ಟಕ್ಕಷ್ಟೇ. ಆದ್ರೆ ರೋಗ ಬಿದ್ದೋರ ಹಾಸಿಗೆ ಪಕ್ಕ ಕುಂತ್ಲು ಅಂದ್ರೆ, ಅವ್ರು ಎದ್ದು ಕುಂತ್ಕಳೋಗಂಟ ಏಳಕಿಲ್ಲ. ಇದ್ರಲ್ಲಿ ಒಂದೂ ಸುಳ್ಳಿಲ್ಲ ತಾಯಿ."

ಹಠಮಾರಿ ಎಂಬುದನ್ನು ಮಧುಶ್ರೀ ಹೇಗೆ ತಿರುಗಿಸಿದಳೋ, ಅಡುಗೆಯ ವಿಷಯ ಮಾತ್ರ ನುಂಗಿಕೊಂಡಳು. ನೋರಾ ಮೇಡಂ, ಆ ಇನ್ನೊಬ್ಬರು ಬೇರೆ ಕಡೆ ಸೇರಿಕೊಂಡರು, ಜಾಗ ಇನ್ನೂ ಖಾಲಿಯಿದೆ ಎಂದರು. "ಇನ್ನೊಂದು ಸಲ ಕೇಳುತ್ತೇನೆ. ಬರುತ್ತೀರಾ..."

"ಬರುತ್ತೇನೆ" ಎಂದಳು ಮಧುಶ್ರೀ. ಪ್ರಶ್ನೆ ಪೂರ್ತಿಯಾಗಲು ಬಿಡಲಿಲ್ಲ, ಅಪ್ಪನ ಕಡೆ ನೋಡಲೂ ಇಲ್ಲ. ಬಾಗಿಲ ಹಿಂದಿದ್ದ ಮಂಚಮ್ಮ ಇಂಗ್ಲಿಷ್ ಬಾರದಿದ್ದರೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾಳೆಯೇ ಪರ್ಮಿಟ್ಟಿನ ಕೆಲಸ ಶುರು ಮಾಡುವುದಾಗಿ ಹೇಳಿ ಮೇಡಂ, "ನಿಮ್ಮ ತಂದೆಯವರು ಏನಾದರೂ ಕೇಳಬೇಕೇ?" ಎಂದರು.

ಕೇಳಲು ಅವನ ಬಳಿ ಬೇಕಾದಷ್ಟಿತ್ತು. ರಜೆ, ರೂಮು, ರಾಗಿಹಿಟ್ಟು, ಕಾಯಿಲೆ ಬಿದ್ದರೆ ಯಾರು ಎಂದೆಲ್ಲ ಲೆಕ್ಕ ಹಾಕಿಟ್ಟಿದ್ದ. ಎಲ್ಲ ಮರೆತುಹೋಯಿತು. ಎಷ್ಟೋ ಮದುವೆಗಳಲ್ಲಿ ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಅವನು ಕೊನೆಯ ಬಸ್ಸಿಗೆ ತಡವಾಯಿತೆಂದು ಗಡಿಯಾರ ನೋಡಿಕೊಂಡು ನಿಂತಿದ್ದವನು. ಆ ಅಪ್ಪಂದಿರು ಯಾಕೆ ಹಾಗೆ ತಡವರಿಸುತ್ತಿದ್ದರೆಂದು ಇವತ್ತು ತಿಳಿಯಿತು. ನಿಂತಿದ್ದವನು ಮಗಳ ಪಕ್ಕದ ಕುರ್ಚಿಯಲ್ಲಿ ಕೂತುಬಿಟ್ಟ.

"ಇವಳು ಏನಾರ ಯೋಳುದ್ರೆ ಕುಂತು ಕೇಳಿ ತಾಯಿ" ಎಂದ. "ನಾನು ಕೇಳ್ನಿಲ್ಲ."

ಮಧುಶ್ರೀ ತಿರುಗಿಸಲಿಲ್ಲ. ಪರದೆಯನ್ನು ನೋಡುತ್ತಾ ಕೂತಳು. ಅಪ್ಪ ಏನಂದರೆಂದು ಮೇಡಂ ಎರಡನೆಯ ಸಲ ಕೇಳಿದಾಗ, "ಅಲ್ಲಿ ಚಳಿ ತುಂಬಾ ಇರುತ್ತದೆಯೇ ಎಂದು ಕೇಳುತ್ತಿದ್ದಾರೆ" ಎಂದಳು.

ಕೋಲ್ಡ್ ಎಂಬ ಮಾತು ಚಾಮಯ್ಯನಿಗೆ ತಿಳಿಯುತ್ತಿತ್ತು. ತಾನು ಹೇಳಿದ್ದು ಅದಲ್ಲವೆಂದೂ ತಿಳಿಯಿತು. ಆದರೆ ಮೇಜಿನ ಕೆಳಗೆ ಮಗಳು ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನೋರಾ ಮೇಡಂ ತಮ್ಮೂರಿನ ಚಳಿ, ಗಾಳಿ, ಮಳೆಯನ್ನೆಲ್ಲ ವಿವರವಾಗಿ ಹೇಳುತ್ತಾ ಹೋದರು. ಚಾಮಯ್ಯ ಅರ್ಥವಾಗದಿದ್ದರೂ ತಲೆಯಾಡಿಸುತ್ತಾ, ಕೈ ಬಿಡಿಸಿಕೊಳ್ಳದೆ, ಕೊನೆಯವರೆಗೂ ಕೂತು ಕೇಳಿದ.