ಟವೆಲ್ ಕೆಳಗಿನ ಮೂರನೆಯ ಕೈ

ಆ ಬೆಳಿಗ್ಗೆ ನಾವು ಇಂಡಿಗೆ ಹೋದದ್ದು ಒಬ್ಬ ಆಟಗಾರನನ್ನು ಬಿಡಿಸಿಕೊಂಡು ಬರಲು. ಇಷ್ಟು ಖಚಿತ. ಉಳಿದದ್ದರಲ್ಲಿ ನಾನು ಕಣ್ಣಾರೆ ಕಂಡದ್ದೆಷ್ಟು, ಆಮೇಲೆ ಚಹಾದಂಗಡಿಯಲ್ಲಿ ಕೇಳಿ ಸೇರಿಸಿಕೊಂಡದ್ದೆಷ್ಟು ಎಂದು ಬೇರ್ಪಡಿಸಲು ಈಗ ಆಗುತ್ತಿಲ್ಲ.

ಬಸವನ ಬಾಗೇವಾಡಿಯ ನಮ್ಮ ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯುವವರಿರಲಿಲ್ಲ. ಇಂಡಿ ತಂಡದಲ್ಲಿ ಅಂಥವನೊಬ್ಬನಿದ್ದ. ಮೂವತ್ತರ ಆಸುಪಾಸಿನವನು, ಪಂಪ್‌ಸೆಟ್ ಮೋಟರ್ ರಿಪೇರಿ ಮಾಡುತ್ತಿದ್ದ. ಹೆಂಡತಿ ನರ್ಸ್, ಅವಳಿಗೆ ನಮ್ಮೂರಿಗೆ ವರ್ಗವಾಗಿತ್ತು, ಅವನೂ ಜೊತೆಗೆ ಬಂದು ಮನೆ ಮಾಡಿದ್ದ. ಆದರೆ ಸುತ್ತಲಿನ ತಂಡಗಳು ತಾವೇ ಒಂದು ನಿಯಮ ಮಾಡಿಕೊಂಡಿದ್ದವು. ಹಳೆಯ ತಂಡ ಹಣ ಪಡೆದು ಬಿಟ್ಟುಕೊಡದಿದ್ದರೆ ಆಟಗಾರ ಒಂದು ವರ್ಷ ಹೊರಗೆ ಕೂರಬೇಕು.

“ಈ ವಯಸ್ಸಿನ್ಯಾಗ ಒಂದ್ ವರ್ಷ ಕುಂತ್ರ ಮುಗೀತ್ರಿ, ಕಾಲು ಮತ್ತ ಏಳೂದಿಲ್ಲ,” ಎಂದು ಇಂಡಿಗೆ ಹೋಗುವಾಗ ಜೀಪಿನಲ್ಲಿ ಅವನು ಹೇಳಿದ್ದ.

ನನ್ನನ್ನು ಕರೆದೊಯ್ದದ್ದು ಓದಿದವನೆಂದು. ಯುರೋಪಿನ ಕ್ಲಬ್ಬುಗಳು ಆಟಗಾರರಿಗೆ ಬೆಲೆ ಕಟ್ಟುವ ರೀತಿಯನ್ನು ಮೊಬೈಲಿನಲ್ಲಿ ಓದಿಕೊಂಡಿದ್ದೆ. ಇಂಡಿ ತಂಡದ ಹಿರಿಯರದು ನಿಂಬೆಹಣ್ಣಿನ ವ್ಯಾಪಾರ. ಅವರ ಗೋದಾಮಿನಲ್ಲಿ ಕುಳಿತು ವಯಸ್ಸು, ಗೋಲು, ಹಳೆಯ ಗಾಯ, ಕರಾರಿನಲ್ಲಿ ಉಳಿದ ಅವಧಿ ಎಂದೆಲ್ಲ ವಿವರಿಸಿದೆ. ಅಲ್ಲಿನ ಕ್ಲಬ್ಬುಗಳು ಒಬ್ಬನ ಮೇಲೇ ಕೋಟಿಗಟ್ಟಲೆ ಸುರಿಯುತ್ತವೆ ಎಂದೂ ಹೇಳಿದೆ.

“ಅಷ್ಟ್ ಕೊಟ್ಟ ಮ್ಯಾಲ ಅವನ ಕಾಲು ಉಳುಕಿದ್ರ ಏನ್ ಮಾಡ್ತಾರ್ರೀ?” ಹಿರಿಯರು ಕೇಳಿದರು.

“ಕಡಿಮಿಗೆ ಮಾರ್ತಾರ್ರಿ.”

“ಅಂದ್ರ ನಾವು ದನದ ಬಜಾರದಾಗ ಮಾಡೂದ ಮಾಡ್ತಾರ. ಇದನ್ನ ಕಲಿಯಾಕ ಯುನಿವರ್ಸಿಟಿಗೆ ಯಾಕ ಹೋಗಿದ್ರಿ ಸಾಹೇಬ್ರ?”

ನಮ್ಮ ತಂಡದ ಅಧ್ಯಕ್ಷರು ಎತ್ತಿನ ವ್ಯಾಪಾರಿ. ನಕ್ಕು, ಹೆಗಲ ಮೇಲಿನ ಟವೆಲ್ ತೆಗೆದು ಮುಂದೆ ಚಾಚಿದರು. ಹಿರಿಯರು ಅದರಡಿ ಕೈ ಹಾಕಿದರು. ಎಷ್ಟು ಬೆರಳು ಹಿಡಿದರೋ ಅಷ್ಟು ಬೆಲೆ. ಸುತ್ತ ನಿಂತವರಿಗೆ ಕಾಣುವುದು ಬಟ್ಟೆಯ ಅಲುಗಾಟ ಮಾತ್ರ.

“ಹೋದ ವರ್ಷ ಮೊಣಕಾಲಿಗೆ ಪಟ್ಟಿ ಸುತ್ಕೊಂಡ ಆಡಿದ್ದ, ನೋಡೇನಿ,” ಎಂದರು ಅಧ್ಯಕ್ಷರು.

“ಎತ್ತಿಂದ ತೋರಿಸಿದಂಗ ಹಲ್ಲು ಬಿಡಿಸಿ ತೋರಸ್ಲೇನ್ ಮತ್ತ?” ಎಂದರು ಹಿರಿಯರು.

ಎಲ್ಲರೂ ನಕ್ಕರು. ಚೀಲಗಳಿಗೆ ಒರಗಿ ನಿಂತಿದ್ದ ಆಟಗಾರನೂ ನಕ್ಕನೆಂದು ನನ್ನ ನೆನಪು. ಆದರೆ ನಗಲಿಲ್ಲ ಎನ್ನುವವರೂ ಇದ್ದಾರೆ. ಕೊನೆಗೆ ಟವೆಲ್ಲಿನ ಅಲುಗಾಟ ನಿಂತಿತು. ಇಬ್ಬರ ಮುಖವೂ ಸಡಿಲವಾಯಿತು. ವ್ಯಾಪಾರ ಕುದುರಿತೆಂದುಕೊಂಡೆ.

ಆಗ ಅವನು ಮುಂದೆ ಬಂದು ಟವೆಲ್ ಕೆಳಗೆ ತನ್ನ ಕೈಯನ್ನೂ ತೂರಿಸಿದ.

“ಏ ಹುಚ್ಚಪ್ಯಾಲಿ, ನೀ ಯಾರ ಕಡಿಯಾಂವ?” ಅಧ್ಯಕ್ಷರು ಕೂಗಿದರು. “ಇನ್ನೊಂದು ಬೆರಳು ಸೇರಸಾಕತ್ಯಾನ್ರಿ! ತನ್ನ ರೇಟ ತಾನ ಏರಿಸೂ ಎತ್ತು ಯಾ ಬಜಾರದಾಗೂ ಕಂಡಿಲ್ಲ ನಾ.”

“ನೀವು ಹಿಡದಷ್ಟಕ್ಕ ನಾ ಬರಂಗಿಲ್ರಿ ಕಾಕಾ.”

ನಮ್ಮ ಹತ್ತಿರ ಅದಕ್ಕಿಂತ ಹೆಚ್ಚಿರಲಿಲ್ಲ. ಅಂಗಡಿ ಅಂಗಡಿಗೆ ತಿರುಗಿ ಕೂಡಿಸಿದ ವಂತಿಗೆ ಅದು. ನಾನು ಅವನನ್ನು ಬದಿಗೆ ಕರೆದು, ಒಪ್ಪಿಕೋ, ಇಲ್ಲದಿದ್ದರೆ ವರ್ಷ ಹೋಗುತ್ತದೆ ಎಂದೆ.

“ಹೋಗ್ಲಿ ಬಿಡ್ರಿ,” ಎಂದ. ದನಿ ನಡುಗಲಿಲ್ಲ. ಅಥವಾ ನಡುಗದಿರಲಿ ಎಂದು ನಾನು ಈಗ ಹೀಗೆ ಬರೆಯುತ್ತಿರಬಹುದು.

ಅಧ್ಯಕ್ಷರು ಟವೆಲ್ ಝಾಡಿಸಿ ಹೆಗಲಿಗೆ ಹಾಕಿಕೊಂಡರು. ಅವರ ಕಸುಬಿನಲ್ಲಿ ಅಲ್ಲಿಗೆ ಮಾತು ಮುಗಿದಂತೆ.

ಅವನು ಆ ವರ್ಷ ಆಡಲಿಲ್ಲ. ಸಂಜೆ ಒಬ್ಬನೇ ಮೈದಾನ ಸುತ್ತುವುದನ್ನು ನೋಡುತ್ತಿದ್ದೆ. ವರ್ಷ ಮುಗಿದ ಮೇಲೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಅವನು ನಮ್ಮ ತಂಡಕ್ಕೆ ಪುಕ್ಕಟೆ ಬಂದ. ಇದು ತನ್ನ ಜಾಣತನ ಎಂದು ಅಧ್ಯಕ್ಷರು ಊರೆಲ್ಲ ಹೇಳಿಕೊಂಡರು. ಬೆಲೆ ಏರಿಸಿದವನು ಬೆಲೆಯೇ ಇಲ್ಲದೆ ಬಂದನಲ್ಲ ಎಂದು ನಾನೂ ಒಂದೆರಡು ಕಡೆ ಚಂದಗಾಣಿಸಿ ಹೇಳಿದ್ದೇನೆ. ಅವನ ಮುಂದೆ ಹೇಳಿಲ್ಲ.

ಮುದ್ದೇಬಿಹಾಳ ತಂಡದ ಎದುರಿನ ಆಟದಲ್ಲಿ ಅವನನ್ನು ಬಹಳ ಹೊತ್ತು ಹೊರಗೇ ಕೂರಿಸಿದ್ದರು. ಹೆಂಡತಿ ಡ್ಯೂಟಿ ಮುಗಿಸಿ ನೇರವಾಗಿ ಮೈದಾನಕ್ಕೆ ಬಂದಿದ್ದಳು. ನಾನು ಅವಳ ಪಕ್ಕದಲ್ಲಿ ನಿಂತಿದ್ದೆ.

“ಅವತ್ತ ಅವ್ರು ಹಿಡದಷ್ಟಕ್ಕ ಹೂಂ ಅಂದಿದ್ರ ಹೋದ ವರ್ಷನ ಆಡ್ತಿದ್ರು,” ಎಂದೆ.

“ಆಡ್ತಿದ್ರು. ಆದ್ರ ಮನಿಗೆ ಬಂದು ನನ್ನ ಮುಖಾ ನೋಡಿ ಮಾತಾಡ್ತಿದ್ದಿಲ್ರಿ,” ಎಂದಳು.

ಕೊನೆಯ ಕೆಲವು ನಿಮಿಷಗಳಿರುವಾಗ ಅವನನ್ನು ಆಟಕ್ಕೆ ಇಳಿಸಿದರು. ಚೆಂಡು ಒಮ್ಮೆ ಅವನ ಮುಂದೆಯೇ ಬಿತ್ತು. ಹಳೆಯ ವೇಗವಿದ್ದರೆ ಸಿಗುತ್ತಿತ್ತು. ಒಂದು ಹೆಜ್ಜೆ ಹಿಂದೆ ಉಳಿದ. ಅವನು ಜೀಪಿನಲ್ಲಿ ಅಂದಿದ್ದಂತೆಯೇ ಆಗಿತ್ತು. ಆದರೂ ಸೀಟಿ ಊದುವವರೆಗೆ ಓಡುತ್ತಲೇ ಇದ್ದ. ಅವಳು ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ಅವನು ಹೊರಬರುವ ಕಡೆಗೆ ನೀರಿನ ಬಾಟಲಿ ಹಿಡಿದು ನಡೆದಳು.