ಬೆಣೆಯಿಲ್ಲದ ಗರಗಸ

ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಅಣ್ಣನ ಜೊತೆ ಮಾತಾಡುವ ಹಾಗಿರಲಿಲ್ಲ. ಅಂಬಾಜಿದುರ್ಗದ ಕೆಳಗಿನ ಆ ಊರಿಗೆ ನಾನು ಸೊಸೆಯಾಗಿ ಬಂದು ಮೂರು ವರ್ಷವಾಗಿದ್ದರೂ ನನ್ನ ಗಂಡನ ಅಣ್ಣ ಮುನಿಗಂಗಪ್ಪನವರ ಹತ್ತಿರ ನೇರವಾಗಿ ಒಂದು ಮಾತು ಆಡಿರಲಿಲ್ಲ. ಅವರೂ ಆಡಿರಲಿಲ್ಲ. ಅವರು ಒಳಗೆ ಬಂದರೆ ನಾನು ಸೆರಗು ಎಳೆದುಕೊಂಡು ಕಂಬದ ಹಿಂದೆ ನಿಲ್ಲುವುದು, ನಾನು ನೀರು ಹೊತ್ತು ಬರುತ್ತಿದ್ದರೆ ಅವರು ದಾರಿ ಬಿಟ್ಟು ಹೊಲಕ್ಕೆ ಇಳಿಯುವುದು. ಕೋಪದಿಂದಲ್ಲ, ಮರ್ಯಾದೆಯಿಂದ.

ಭಾವನವರಿಗೆ ಆಗ ನಲವತ್ತರ ಹತ್ತಿರ. ಹೆಂಡತಿ ಮೊದಲ ಹೆರಿಗೆಯಲ್ಲೇ ತೀರಿಕೊಂಡಿದ್ದರು; ಅವರು ಮತ್ತೆ ಮದುವೆಯಾಗಲಿಲ್ಲ. ಎತ್ತರದ ಆಳು, ಮಾತು ಕಡಿಮೆ. ಕಲ್ಲು ಕಟ್ಟುವುದರಲ್ಲಿ ಕೈ ಚೆನ್ನಾಗಿತ್ತು. ನಮ್ಮ ಬಾವಿಯ ಕಟ್ಟೆ ಅವರು ಕಟ್ಟಿದ್ದು, ಈಗಲೂ ಒಂದು ಕಲ್ಲು ಅಲುಗಿಲ್ಲ. ದುರ್ಗದ ಇಳಿಜಾರಿನಲ್ಲಿ ಮನೆಗೆ ಸೇರಿದ ನಾಲ್ಕು ಹುಣಸೆ ಮರಗಳಿದ್ದವು, ಮಾವನವರು ನೆಟ್ಟಿದ್ದು. ಹಿಂದಿನ ವರ್ಷ ಅದರಲ್ಲಿ ಒಂದನ್ನು ಯಾರೋ ರಾತ್ರಿಯಲ್ಲಿ ಕೊಯ್ದು ಸಾಗಿಸಿದ್ದರು. ಭಾವನವರು ಆ ಬೊಡ್ಡೆಯ ಹತ್ತಿರ ಒಂದು ಹಗಲು ಪೂರ್ತಿ ಕೂತಿದ್ದು ಸಂಜೆ ಬಂದು, "ಇನ್ನೊಂದು ಮರ ಹೋದ್ರೆ ನಾನು ನಮ್ಮಪ್ಪನ ಮಗ ಅಲ್ಲ" ಎಂದರು. ಅಷ್ಟೇ ಹೇಳಿದ್ದು. ಅದು ಅವರ ತಲೆಯಲ್ಲಿ ಕೂತಿತ್ತು.

ನಮ್ಮ ಊರಿನಲ್ಲಿ ಯುಗಾದಿಗೆ ಮುಂಚೆ ಆಚಾರಿಯ ಕುಲುಮೆಗೆ ಇದ್ದಿಲು ಕೊಡುವುದು ವರ್ಷಕ್ಕೊಂದು ಮನೆಯ ಸರದಿ. ಆ ಇದ್ದಿಲಿನಲ್ಲೇ ಊರಿನ ನೇಗಿಲ ಗುಳಗಳೆಲ್ಲ ಕಾದು ಹದವಾಗಬೇಕು, ಹಬ್ಬದ ದಿನ ಹೊನ್ನಾರು ಕಟ್ಟಿ ವರ್ಷದ ಮೊದಲ ಸಾಲು ಉಳಬೇಕು. ೧೯೫೭ರಲ್ಲಿ ಸರದಿ ನಮ್ಮದು. ನನ್ನ ಗಂಡ ಕೋನಪ್ಪನವರಿಗೆ ಕಾಲಿನಲ್ಲಿ ನಾರುಹುಣ್ಣು ಎದ್ದು ಹೆಜ್ಜೆ ಇಡುವ ಹಾಗಿರಲಿಲ್ಲ. ಹಾಗಾಗಿ ಶಿವರಾತ್ರಿ ಅಮಾವಾಸ್ಯೆ ಕಳೆದ ಮೇಲೆ ಭಾವನವರು ಒಬ್ಬರೇ ಕಂಬಳಿ, ಕೊಡಲಿ, ಗುದ್ದಲಿ ಹಿಡಿದು ಇಳಿಜಾರು ಹತ್ತಿದರು. ಜೊತೆಗೆ ನಮ್ಮ ನಾಯಿ ಕರಿಯ.

ಇದ್ದಿಲು ಸುಡುವುದು ಸುಲಭವಲ್ಲ. ಜಾಲಿ ತುಂಡುಗಳನ್ನು ಗೋಪುರದ ಹಾಗೆ ನಿಲ್ಲಿಸಿ, ಮೇಲೆ ಹಸಿ ಸೊಪ್ಪು ಹೊದಿಸಿ, ಅದರ ಮೇಲೆ ಮಣ್ಣು ಮೆತ್ತಿ, ನೆತ್ತಿಯಿಂದ ಕೆಂಡ ಹಾಕುತ್ತಾರೆ. ಒಳಗೆ ಅದು ಉರಿಯಬಾರದು, ಬೇಯಬೇಕು. ಆರು ಹಗಲು ಆರು ರಾತ್ರಿ. ಎಲ್ಲಾದರೂ ಮಣ್ಣು ಬಿರಿದು ಗಾಳಿ ನುಗ್ಗಿದರೆ ಅರ್ಧ ಗಳಿಗೆಯಲ್ಲಿ ಎಲ್ಲ ಬೂದಿ. ಅದಕ್ಕೇ ಗೂಡಿನ ಹತ್ತಿರ ಒಬ್ಬರು ಇರಲೇಬೇಕು, ಬಿರುಕು ಕಂಡ ಕಡೆ ಹಸಿ ಮಣ್ಣು ಬಡಿಯಬೇಕು, ಬಿಟ್ಟು ಬರುವ ಹಾಗಿಲ್ಲ.

ದಿನಾ ಹೊತ್ತು ಇಳಿಯುವ ಮುಂಚೆ ನಾನು ಬುತ್ತಿ ಹೊತ್ತು ಹೋಗುತ್ತಿದ್ದೆ. ಗೂಡಿನಿಂದ ಹನ್ನೆರಡು ಹೆಜ್ಜೆ ದೂರದಲ್ಲಿ ಒಂದು ಚಪ್ಪಡಿ ಬಂಡೆ. ಅದರ ಮೇಲೆ ಬುಟ್ಟಿ ಇಟ್ಟು ಪಕ್ಕಕ್ಕೆ ತಿರುಗಿ ನಿಲ್ಲುತ್ತಿದ್ದೆ. ಮನೆಯಲ್ಲಾದರೆ ನಡುವೆ ಅತ್ತೆ ಗಂಗುಲಮ್ಮನವರಿರುತ್ತಿದ್ದರು. ಅಲ್ಲಿ ಯಾರಿದ್ದಾರೆ? ಮೊದಲ ದಿನ ಭಾವನವರೇ ದಾರಿ ಕಂಡುಹಿಡಿದರು.

"ಕರಿಯಾ, ಅಮ್ಮನ ಕೆಮ್ಮು ಹೆಂಗೈತೆ ಕೇಳು."

ನಾನೂ ನಾಯಿಯನ್ನೇ ನೋಡಿ ಹೇಳಿದೆ, "ಕರಿಯಾ, ಪರವಾಗಿಲ್ಲ ಅಂತ ಹೇಳು. ಸಾರಲ್ಲಿ ಹುರುಳಿ ಜಾಸ್ತಿ ಐತೆ, ನಿನಗೂ ಉಳಿಸೋಕೆ ಹೇಳು."

"ಇದಕ್ಕೆ ಉಳಿಸಿದ್ರೆ ನಾನೇನು ಮಣ್ಣು ತಿನ್ನಲಾ?" ಎಂದು ಭಾವನವರು ನಾಯಿಯನ್ನು ಗದರಿದರು. ಕರಿಯ ಇಬ್ಬರ ಮುಖವನ್ನೂ ನೋಡುತ್ತಾ ಬಾಲ ಆಡಿಸಿತು.

ಎರಡನೆಯ ದಿನ ಅವರು ಊಟಕ್ಕೆ ಕೂರುವ ಮುಂಚೆಯೇ ಮಾತು ತೆಗೆದರು. "ಕರಿಯಾ, ರಾತ್ರಿ ಹುಣಸೆ ಮರದ ಕಡೆ ಯಾರೋ ಗರಗಸ ಎಳೀತಿದ್ರು. ನೀನೂ ಕೇಳ್ದೆ ತಾನೆ? ಊರಲ್ಲಿ ಯಾರಾದ್ರೂ ಗಾಡಿ ಕಟ್ಟಿದ್ರಾ ವಿಚಾರಿಸೋಕೆ ಹೇಳು."

ಇಳಿಯುವಾಗ ನಾನು ದಾರಿ ಸುತ್ತಿಕೊಂಡು ಮರಗಳ ಹತ್ತಿರ ಹೋದೆ. ಮೂರೂ ಇದ್ದವು. ಒಂದೊಂದರ ಸುತ್ತಲೂ ನೋಡಿದೆ. ತೊಗಟೆಯಲ್ಲಿ ಗೀಟಿಲ್ಲ, ಬುಡದಲ್ಲಿ ಚಿಟಿಕೆ ಹೊಟ್ಟಿಲ್ಲ. ಗರಗಸ ಆಡಿದ ಕಡೆ ಹೊಟ್ಟು ಬೀಳದೆ ಇರುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತು. ನಮ್ಮಪ್ಪ ತೊಂಡೇಬಾವಿಯವರು, ಎರಡೆಕರೆ ಬೆದ್ದಲು ಬಿಟ್ಟರೆ ಅವರ ಜೀವನವೆಲ್ಲ ಮರ ಕೊಯ್ಯುವುದರಲ್ಲೇ ಹೋಯಿತು. ಅವರು ಗುಂಡಿಯ ಮೇಲೆ, ಚಿಕ್ಕಪ್ಪ ಗುಂಡಿಯ ಒಳಗೆ ನಿಂತು ಉದ್ದ ಗರಗಸ ಎಳೆಯುತ್ತಿದ್ದರು. ಗರಗಸಕ್ಕೆ ಹರಳೆಣ್ಣೆ ಸವರುವುದು ನನ್ನ ಕೆಲಸವಾಗಿತ್ತು. ಕಣ್ಣು ಮುಚ್ಚಿಕೊಂಡೇ ಇದು ಬೇವು, ಇದು ಹೊನ್ನೆ ಎಂದು ಸದ್ದಿನಲ್ಲೇ ಹೇಳುತ್ತಿದ್ದೆ.

ಮೂರನೆಯ ದಿನ ಭಾವನವರ ಕಣ್ಣು ಕೆಂಪಾಗಿತ್ತು. ಗೂಡಿನ ಸುತ್ತ ಮುಳ್ಳು ಎಳೆದು ಹಾಕಿದ್ದರು. ಬಿದಿರು ದೊಣ್ಣೆಯೊಂದನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು. ನಾಯಿ ಮಾತ್ರ ಎದ್ದು ಬರಲಿಲ್ಲ. ಅವರ ಕಂಬಳಿಯ ಕೆಳಗಿನಿಂದ ಮೂತಿ ಹೊರಗಿಟ್ಟು ನೋಡಿತು.

"ಹತ್ರ ಬಂದವ್ರೆ ಕರಿಯಾ. ಹಳ್ಳದ ಈ ಕಡೆಗೇ ಕೇಳಿಸ್ತು. ಎಳೀತಾರೆ, ಎಳೀತಾರೆ, ನಿಲ್ಲಿಸ್ತಾರೆ. ನಾನು ಕೂಗಿದ್ರೆ ಉಸಿರಿಲ್ಲ. ನೀನು ಒಂದು ಸಲ ಬೊಗಳಬಾರದಾ, ಹೇಡಿ ಮುಂಡೇದೆ?"

"ಕರಿಯಾ, ಎಷ್ಟು ಸಲ ಎಳೆದು ನಿಲ್ಲಿಸ್ತಾರೆ ಕೇಳು" ಎಂದೆ.

"ಹತ್ತು, ಹನ್ನೆರಡು."

"ನಡುವೆ ಬೆಣೆ ಹೊಡೆಯೋ ಸದ್ದು ಬಂತಾ ಕೇಳು."

"ಇಲ್ಲ. ಕಳ್ಳರು ಬೆಣೆ ಹೊಡೆದು ಊರು ಎಬ್ಬಿಸ್ತಾರಾ ಕರಿಯಾ?"

ಅವರು ನಕ್ಕರು. ನನಗೆ ನಗು ಬರಲಿಲ್ಲ. ಹಸಿ ಮರ ಗರಗಸವನ್ನು ಕಚ್ಚಿ ಹಿಡಿಯುತ್ತದೆ. ಕೊಯ್ದ ಸಂದಿಗೆ ಬೆಣೆ ಹೊಡೆದು ಬಾಯಿ ಬಿಡಿಸದಿದ್ದರೆ ಕಳ್ಳನಾದರೂ ಅಷ್ಟೇ, ದೊರೆಯಾದರೂ ಅಷ್ಟೇ, ಹತ್ತು ಬೆರಳಿಗಿಂತ ಆಳಕ್ಕೆ ಹೋಗುವುದಿಲ್ಲ. ಎರಡು ರಾತ್ರಿ ಕೊಯ್ದರೂ ಹೊಟ್ಟಿಲ್ಲ, ಬೆಣೆಯಿಲ್ಲ, ಮರ ಬಿದ್ದ ಸದ್ದಿಲ್ಲ. ಅದು ಗರಗಸವಲ್ಲ, ಉಸಿರು. ನಮ್ಮಪ್ಪ ಒಂದು ಸಲ ಸೀಮೆಗಡಿಯ ಕಾಡಿನಲ್ಲಿ ಮರ ಕೊಯ್ಯಲು ಹೋದವರು ಅರ್ಧ ಕೆಲಸ ಬಿಟ್ಟು ಬಂದಿದ್ದರು. ನಾವು ನಿಲ್ಲಿಸಿದ ಮೇಲೂ ಆ ಕಡೆ ಗರಗಸ ನಿಲ್ಲಲಿಲ್ಲ ಎಂದು ಅಮ್ಮನ ಹತ್ತಿರ ಮೆಲ್ಲಗೆ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡಿದ್ದೆ. ಚಿರತೆ ಹಾಗೆ ಕೂಗುತ್ತದಂತೆ.

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಕಾಲಿಗೆ ಬೇವಿನ ಸೊಪ್ಪು ಕಟ್ಟಿಕೊಂಡು ಮಲಗಿದ್ದರು.

"ನಮ್ಮಣ್ಣ ಆ ಗುಡ್ಡದಲ್ಲೇ ಹುಟ್ಟಿ ಬೆಳೆದೋನು. ಅವನಿಗೆ ನೀನು ಪಾಠ ಹೇಳ್ತೀಯಾ?"

ಅತ್ತೆ ಒಲೆ ಮುಂದಿನಿಂದ ಸೇರಿಕೊಂಡರು. "ಪೋನೀ ಬಿಡೋ, ಅವಳಪ್ಪ ಗರಗಸ ಎಳೆದೋನಲ್ವಾ, ಸದ್ದು ಕೇಳಿದ್ರೆ ತವರು ನೆನಪಾಗ್ತೈತೆ." ಆಮೇಲೆ ನನ್ನ ಕಡೆ ತಿರುಗಿ ಹೇಳಿದರು, "ನೋಡಮ್ಮ, ಗೂಡು ಇನ್ನ ಮೂರು ದಿನ. ಅವನ್ನ ಈಗ ಇಳಿಸಿದ್ರೆ ಊರೋರ ಗುಳಕ್ಕೆ ಏನು ಹೇಳೋದು? ಚಿರತೆ ಗಿರತೆ ಅಂತ ಅವನ ಮುಂದೆ ಬಾಯಿ ಬಿಟ್ಟೀಯ, ಹುಷಾರು."

ನಾಲ್ಕನೆಯ ದಿನ ನಾನು ಹೋದಾಗ ಭಾವನವರು ಮಾತಾಡಲಿಲ್ಲ. ಮಾತಾಡಲು ಕರಿಯ ಇರಲಿಲ್ಲ. ರಾತ್ರಿ ಅದನ್ನು ಗೂಟಕ್ಕೆ ಕಟ್ಟಿದ್ದ ಹುರಿ ಒಂದು ಮೊಳ ಉಳಿದು ತುದಿ ನಾರುನಾರಾಗಿ ಬಿಟ್ಟಿತ್ತು. ಬುಟ್ಟಿ ಇಟ್ಟು ನಿಂತೆ. ಅವರು ಮುದ್ದೆ ಮುರಿದರು, ಸಾರಿಗೆ ಅದ್ದಿದರು. ನಾಯಿ ತಪ್ಪಿಸಿಕೊಂಡು ಹೋಯಿತು ಎಂದು ಅವರು ನಂಬಿದ್ದರೋ, ಹಾಗೆ ನಂಬಲು ನೋಡುತ್ತಿದ್ದರೋ ನಾನು ಹೇಳಲಾರೆ.

ಗೂಡಿನ ಸುತ್ತ ಬೂದಿ ಹಾರಿ ನೆಲ ಬೆಳ್ಳಗಿತ್ತು. ಅದರಲ್ಲಿ ಗೂಟದ ಹತ್ತಿರ ಒಂದು ಹೆಜ್ಜೆ. ನನ್ನ ಅಂಗೈ ಇಟ್ಟು ನೋಡಿದೆ, ಅಷ್ಟೇ ಅಗಲ. ನಾಯಿಯ ಹೆಜ್ಜೆಯಲ್ಲಿ ಉಗುರು ಕಾಣುತ್ತದೆ. ಇದರಲ್ಲಿ ಉಗುರಿರಲಿಲ್ಲ. ಅಲ್ಲಿಂದ ಹಳ್ಳದ ಕಡೆಗೆ ಏನನ್ನೋ ಎಳೆದ ಗೆರೆ.

ಮೂರು ವರ್ಷದ ಮರ್ಯಾದೆಯನ್ನು ನಾನು ಅಲ್ಲಿ ಬಿಟ್ಟೆ.

"ಭಾವಾ, ಅದು ಗರಗಸ ಅಲ್ಲ. ಇಲ್ಲಿ ಹೆಜ್ಜೆ ಐತೆ ನೋಡಿ. ಇವತ್ತು ಕೆಳಗೆ ಬಂದುಬಿಡಿ."

ಅವರ ಕೈ ಮುದ್ದೆಯ ಮೇಲೆ ನಿಂತಿತು. ಕಿವಿ ಕೆಂಪಾದವು. ನನ್ನ ಕಡೆ ನೋಡಲಿಲ್ಲ, ನಾನು ತೋರಿಸಿದ ಕಡೆಯೂ ನೋಡಲಿಲ್ಲ. ಆ ಕಡೆ ನೋಡಿದರೆ ನನ್ನನ್ನೂ ನೋಡಿದ ಹಾಗಾಗುತ್ತಿತ್ತು. ಬರೀ ಗೂಟದ ಕಡೆ ಮುಖ ಮಾಡಿ, ಅಲ್ಲಿಲ್ಲದ ನಾಯಿಗೆ ಹೇಳಿದರು:

"ಕರಿಯಾ, ದೊಡ್ಡೋರ ಮುಂದೆ ಹೆಂಗಿರಬೇಕು ಅಂತ ತವರಲ್ಲಿ ಹೇಳಿಕೊಟ್ಟಿಲ್ವಾ ಕೇಳು. ಗರಗಸಾನೇ ಅಂತ ಹೇಳು."

ಊಟ ಅರ್ಧಕ್ಕೆ ಬಿಟ್ಟು ಎದ್ದು, ಗೂಡಿಗೆ ಮಣ್ಣು ಬಡಿಯತೊಡಗಿದರು. ನಾನು ಬಾಯಿ ಬಿಡದೆ ಇದ್ದಿದ್ದರೆ ಆ ಹೆಜ್ಜೆಯನ್ನು ಅವರಾಗಿಯೇ ಕಾಣುತ್ತಿದ್ದರೇನೋ. ನಾನು ಆಡಿದ ಮೇಲೆ, ಅದು ನಿಜವಾದರೂ ಅವರು ಕೇಳುವ ಹಾಗಿರಲಿಲ್ಲ. ಹೊತ್ತು ಮುಳುಗುತ್ತಿತ್ತು. ಇಳಿದು ಬಂದೆ. ಹಳ್ಳ ದಾಟುವಾಗ ಒಂದು ಹಕ್ಕಿಯೂ ಕೂಗಲಿಲ್ಲ.

ಈ ಸಲ ಮನೆಯಲ್ಲಿ ಹುರಿಯ ವಿಷಯ ಹೇಳಿದ ಮೇಲೆ ನನ್ನ ಗಂಡ ನಗಲಿಲ್ಲ. "ಬೆಳಗ್ಗೆಗೆ ಪಕ್ಕದ ಮನೆ ಚಲಪತೀನ ಕಳಿಸ್ತೀನಿ" ಎಂದರು. ಬೆಳಗ್ಗೆಗೆ.

ಬೆಳ್ಳಿ ಮೂಡುವ ಹೊತ್ತಿಗೆ ನಾನು ಕಸ ಗುಡಿಸಲು ಎದ್ದೆ. ಅಂಗಳದಿಂದ ಇಳಿಜಾರು ಕಾಣುತ್ತದೆ. ನಾಲ್ಕು ದಿನದಿಂದ ಅಲ್ಲಿ ಬರೀ ಬಿಳಿ ಹೊಗೆ ಇರುತ್ತಿತ್ತು. ಆವತ್ತು ಉರಿ ಇತ್ತು. ಆಳೆತ್ತರದ ಉರಿ. ಅತ್ತೆ ನನ್ನ ಹಿಂದೆ ಬಂದು ನಿಂತು, "ಗೂಡು ಬಾಯಿ ಬಿಡ್ತು. ಮಲಗಿಬಿಟ್ಟವ್ನೆ" ಎಂದರು. ಆಮೇಲೆ ಇನ್ನೊಂದು ಸಲ ನೋಡಿ, ನನ್ನ ಕೈ ಹಿಡಿದುಕೊಂಡರು.

ಚಲಪತಿ, ಎದುರು ಮನೆ ವೆಂಕಟರವಣಪ್ಪ, ಇನ್ನೂ ಮೂವರು ಪಂಜು ಹಿಡಿದು ಓಡಿದರು. ನಾನೂ ಅವರ ಹಿಂದೆ ಹೋದೆ. ಬೇಡವೆಂದು ಯಾರೂ ಹೇಳಲಿಲ್ಲ. ಭಾವನವರು ಉರಿಗೆ ಬೆನ್ನು ಕೊಟ್ಟು ಕೂತಿದ್ದರು. ಬೆನ್ನಿನ ಚರ್ಮ ಸುಟ್ಟಿತ್ತು. ಎಡಗೈಗೆ ಪಂಚೆ ಸುತ್ತಿದ್ದರು, ಅದು ಕಪ್ಪಗೆ ನೆನೆದಿತ್ತು. ಕಣ್ಣು ಬಿಟ್ಟು ಎದುರಿನ ಕತ್ತಲನ್ನೇ ನೋಡುತ್ತಿದ್ದರು.

"ಗೂಡಿನ ಆ ಮಗ್ಗುಲಲ್ಲೇ ಕೊಯ್ತಿದ್ರು" ಎಂದು ಚಲಪತಿಗೆ ಹೇಳಿದರು. "ಯಾರಲೇ ಅಂತ ದೊಣ್ಣೆ ಹಿಡಿದು ಹೋದೆ. ಅರ್ಧ ಎಳೆತದಲ್ಲಿ ನಿಲ್ತು ಕಣೋ. ಪೂರ್ತಿ ಎಳೀಲಿಲ್ಲ."

ಅದು ಮೇಲೆ ಬಿದ್ದಾಗ ಅವರು ಹಿಂದಕ್ಕೆ ಗೂಡಿನ ಮೇಲೆ ಒರಗಿದ್ದರು. ನಾಲ್ಕು ದಿನ ಬಿರುಕಿಲ್ಲದ ಹಾಗೆ ಕಾಯ್ದ ಮಣ್ಣು ಅವರ ಭಾರಕ್ಕೆ ಕುಸಿದು, ಒಳಗಿದ್ದ ಬೆಂಕಿಯೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಅದಕ್ಕೇ ಚಿರತೆ ಕಚ್ಚಿದ್ದ ಕೈ ಬಿಟ್ಟು ಓಡಿತು. ಗೂಡು ಗಟ್ಟಿಯಾಗಿ ನಿಂತಿದ್ದರೆ ನಾವು ಹುಡುಕುವುದಕ್ಕೆ ಹಳ್ಳದ ಕಡೆ ಇನ್ನೊಂದು ಗೆರೆ ಇರುತ್ತಿತ್ತು.

ಗಾಡಿಯಲ್ಲಿ ಚಿಂತಾಮಣಿ ಆಸ್ಪತ್ರೆಗೆ ಕೊಂಡುಹೋದರು. ಎಡಗೈಯನ್ನು ಮೊಣಕೈಯಿಂದ ಕೆಳಗೆ ತೆಗೆದರು. ಇದ್ದಿಲು ಒಂದು ಬುಟ್ಟಿಯೂ ಸಿಗಲಿಲ್ಲ. ಆ ವರ್ಷದ ಗುಳಗಳಿಗೆ ವೆಂಕಟರವಣಪ್ಪನವರು ಊರ ಹತ್ತಿರವೇ ಇನ್ನೊಂದು ಗೂಡು ಹಾಕಿದರು. ಮೂರು ಮೂರು ಜನ ತಮಟೆ ಇಟ್ಟುಕೊಂಡು ಕಾದರು. ಒಬ್ಬರೇ ಗೂಡು ಕಾಯುವುದು ನಮ್ಮ ಊರಿನಲ್ಲಿ ಅಲ್ಲಿಗೆ ನಿಂತಿತು.

ಭಾವನವರು ಮನೆಗೆ ಬಂದದ್ದು ಯುಗಾದಿ ಕಳೆದು ಹನ್ನೊಂದನೆಯ ದಿನ. ಜಗುಲಿಯ ಮೇಲೆ ಕೂರಿಸಿದ್ದರು. ಅತ್ತೆ, ನನ್ನ ಗಂಡ, ನೋಡಲು ಬಂದ ನಾಲ್ಕು ಜನ ಇದ್ದರು. ನಾನು ಕಂಬದ ಹಿಂದಿದ್ದೆ. ಹೊರಗೆ ಎಲ್ಲೋ ಕಿರ್ ಎಂದಿತು. ಭಾವನವರ ಮುಖದ ಬಣ್ಣ ಹೋಯಿತು. ಎಲ್ಲರ ಎದುರಿಗೆ, ಕಂಬದ ಕಡೆ ತಿರುಗಿ ಕೇಳಿದರು:

"ರತ್ನಮ್ಮಾ, ಅದೇನು ಸದ್ದು?"

ಅವರ ಬಾಯಲ್ಲಿ ನನ್ನ ಹೆಸರು ಅದೇ ಮೊದಲು. ಅತ್ತೆ ನನ್ನನ್ನು ನೋಡಿದರು, ಮಗನನ್ನು ನೋಡಿದರು.

"ರಾಟೆ, ಭಾವಾ. ಚಲಪತಿ ಮನೆಯೋರು ನೀರು ಸೇದ್ತಾವ್ರೆ."

"ರಾಟೇನಾ" ಎಂದು ಉಸಿರು ಬಿಟ್ಟರು.

ಆಮೇಲೆ ಹನ್ನೊಂದು ವರ್ಷ ಹೀಗೇ ನಡೆಯಿತು. ಒಂದೇ ಕೈಯಲ್ಲಿ ಕಳೆ ಕಿತ್ತರು, ದನ ಕಾಯ್ದರು, ನನ್ನ ಮಕ್ಕಳಿಗೆ ಈಜು ಕಲಿಸಿದರು. ಕತ್ತಲಾದ ಮೇಲೆ ಮಾತ್ರ ಏನು ಸದ್ದಾದರೂ ನಾನು ಹೇಳುವವರೆಗೆ ಹೊಸ್ತಿಲು ದಾಟುತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳುತ್ತಿದ್ದೆ. ಆಗ ಅವರು ಒಳಗೇ ಉಳಿಯುತ್ತಿದ್ದರು. ಅವರಿಗೆ ಒಂದು ದಿನವೂ ಸುಳ್ಳು ಹೇಳಲಿಲ್ಲ, ಒಂದು ಸಲ ಬಿಟ್ಟು.

೧೯೬೮ರ ಆಷಾಢದಲ್ಲಿ ಅವರಿಗೆ ಜ್ವರ ಹಿಡಿಯಿತು. ನಾಲ್ಕನೆಯ ದಿನ ಸಂಜೆ, ದೀಪ ಹಚ್ಚುವ ಹೊತ್ತು, ತಲೆ ಎತ್ತಿ ಬಾಗಿಲ ಕಡೆ ನೋಡಿದರು.

"ರತ್ನಮ್ಮಾ, ಹತ್ರ ಬಂತು. ಅದೇನು?"

ಕಿವಿಗೊಟ್ಟು ಕೇಳಿದೆ. ಗಾಳಿಯೂ ಇರಲಿಲ್ಲ. ಏನೂ ಕೇಳಿಸಲಿಲ್ಲ.

"ಗರಗಸ, ಭಾವಾ" ಎಂದೆ.

"ಬೆಣೆ ಹೊಡೀತಾವ್ರಾ?"

"ಹೊಡೀತಾವ್ರೆ."

ಅವರು ತಲೆ ಕೆಳಗಿಟ್ಟು ಗೋಡೆಯ ಕಡೆ ಮಗ್ಗುಲಾದರು. ಬೆಳಗ್ಗೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಹುಣಸೆ ಮರಗಳು ಮೂರೂ ಇನ್ನೂ ಅಲ್ಲೇ ಇವೆ.