ಮಡಚಿದ ಅರ್ಜಿ

ಇಸ್ತ್ರಿ ಅಕ್ಕನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತೇನೆ. ಅವರನ್ನು ನನ್ನಷ್ಟು ಹತ್ತಿರದಿಂದ ನೋಡಿದವರಿಲ್ಲ, ನನ್ನಷ್ಟು ನೋಯಿಸಿದವರೂ ಇಲ್ಲ.

ಆ ಅಡ್ಡಹೆಸರು ಇಟ್ಟವಳೂ ನಾನೇ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮ್ಮ ಕೋಣೆ. ಆಪರೇಷನ್ ಮುಗಿದ ಮೇಲೆ ಕತ್ತರಿ, ಚಿಮಟ, ಇಕ್ಕಳ ಎಲ್ಲ ಅಲ್ಲಿಗೆ ಬರುತ್ತವೆ. ಅವನ್ನು ತೊಳೆದು, ಒರೆಸಿ, ಪಟ್ಟಿಯ ಪ್ರಕಾರ ಎಣಿಸಿ ಟ್ರೇಯಲ್ಲಿ ಜೋಡಿಸಿ, ಎರಡು ಪದರ ಬಟ್ಟೆಯಲ್ಲಿ ಕಟ್ಟಿ, ಸಹಿ ಹಾಕಿ ಆವಿಯ ಯಂತ್ರಕ್ಕೆ ಕೊಡುವುದು ನಮ್ಮ ಕೆಲಸ. ಆ ಸೆಕೆಗೆ ಹನ್ನೊಂದು ಗಂಟೆಯೊಳಗೆ ನಮ್ಮೆಲ್ಲರ ಕೋಟು ನೆಲ ಒರೆಸಿದ ಬಟ್ಟೆಯ ಹಾಗಾಗುತ್ತಿತ್ತು. ಅಕ್ಕನ ಕೋಟು ಮಾತ್ರ ಸಂಜೆ ಬಸ್ಸು ಹತ್ತುವವರೆಗೂ ಗರಿಗರಿ. ಅದರಲ್ಲಿ ಒಂದು ಸುಕ್ಕು ತೋರಿಸಿದವರಿಗೆ ನನ್ನ ಒಂದು ದಿನದ ಸಂಬಳ ಎಂದು ನಾನು ಪಂದ್ಯ ಕಟ್ಟಿದ್ದೆ. ಯಾರೂ ಗೆಲ್ಲಲಿಲ್ಲ. ಅಕ್ಕ ನಗುತ್ತಿದ್ದರು, ಬೈಯುತ್ತಿರಲಿಲ್ಲ. ನನಗೆ ಕೆಲಸ ಕಲಿಸಿದ್ದು ಅವರೇ.

ಅವರಿಗೆ ನಲವತ್ತೊಂದನೇ ವಯಸ್ಸಿನಲ್ಲಿ ಮಗುವಾಯಿತು. ಹೆರಿಗೆ ರಜೆ ಮುಗಿಸಿ ಬಂದವರೇ ಒಂದು ಅರ್ಜಿ ಕೊಟ್ಟರು: ತಮ್ಮ ಹುದ್ದೆಯನ್ನು ಇಬ್ಬರು ಹಂಚಿಕೊಂಡು ಮಾಡಲು ಅವಕಾಶ ಬೇಕು, ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಒಬ್ಬರು, ಸಂಬಳವೂ ಅರ್ಧರ್ಧ. ಮೇಲ್ವಿಚಾರಕರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಅಭಿಪ್ರಾಯ ಕೇಳಿದರು. ಆಗ ನನಗೆ ಮದುವೆಯೂ ಆಗಿರಲಿಲ್ಲ, ನಾಲಿಗೆಗೆ ಎಲುಬೂ ಇರಲಿಲ್ಲ.

“ಒಂದು ಟ್ರೇಗೆ ಇಬ್ಬರ ಕೈ ಬಿದ್ರೆ ಕತ್ತರಿ ರೋಗಿ ಹೊಟ್ಟೆಯೊಳಗೇ ಉಳಿಯುತ್ತೆ ಸಾರ್. ಅಕ್ಕನಿಗೆ ಮಗುವಿನ ಬಟ್ಟೆ ಎಣಿಸೋದೇ ಸಾಕಾಗಿದೆ, ನಮ್ಮ ಕತ್ತರಿ ಯಾವಾಗ ಎಣಿಸ್ತಾರೆ?” ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಿಸಿದೆನಲ್ಲ ಎಂದು ನಾನೂ ಬೀಗಿದೆ. ಒಳಗೊಳಗೆ ಇದ್ದದ್ದು ಬೇರೆ. ಮಧ್ಯಾಹ್ನಕ್ಕೆ ಯಾರೂ ಸಿಗದಿದ್ದರೆ ಆ ಹೊರೆ ನನ್ನ ತಲೆಗೇ ಬರುತ್ತದೆಂಬ ಹೆದರಿಕೆ. ಅರ್ಜಿ ತಿರಸ್ಕಾರವಾಯಿತು. ತಿಂಗಳೊಳಗೆ ಅಕ್ಕ ಕೆಲಸ ಬಿಟ್ಟರು. ಹೋಗುವ ದಿನ ನನ್ನ ಬೆನ್ನು ಸವರಿ, “ನೀನಾದ್ರೂ ನನ್ನ ಪರ ಮಾತಾಡಿರ್ತೀಯ, ಗೊತ್ತು” ಎಂದರು. ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ.

ಮೂರು ವರ್ಷದ ಮೇಲೆ ನನ್ನ ಸರದಿ. ಮಗಳಿಗೆ ಆರು ತಿಂಗಳು. ಗಂಡ ಬಸ್ಸು ಓಡಿಸುತ್ತಾರೆ, ಬೆಳಿಗ್ಗೆ ಹೋದರೆ ಬರುವುದು ಕತ್ತಲಾದ ಮೇಲೆ. ಅತ್ತೆ ಮಧ್ಯಾಹ್ನ ಒಂದೂವರೆಯವರೆಗೆ ಮಗುವನ್ನು ನೋಡಿಕೊಂಡಾರು, ಆಮೇಲೆ ಅವರು ಟೈಲರ್ ಅಂಗಡಿಗೆ ಹೋಗಬೇಕು. ಲೆಕ್ಕ ಹೇಗೆ ಹಾಕಿದರೂ ನನಗೆ ಬೇಕಾದದ್ದು ಅರ್ಧ ಕೆಲಸ. ಅರ್ಜಿ ಹಿಡಿದು ಮೇಲ್ವಿಚಾರಕರ ಮುಂದೆ ನಿಂತೆ.

“ನಂದೇನೂ ಅಡ್ಡಿ ಇಲ್ಲಮ್ಮ,” ಎಂದು ಅವರು ಕಪಾಟಿನಿಂದ ಹಳೆಯ ಫೈಲು ತೆಗೆದರು. “ಆದ್ರೆ ಇದರಲ್ಲಿ ಒಂದು ಆಕ್ಷೇಪಣೆ ಇದೆ. ಅದಕ್ಕೆ ಉತ್ತರ ಆಗಬೇಕು.” ಆಮೇಲೆ ಕನ್ನಡಕ ಸರಿಮಾಡಿಕೊಂಡು ಓದತೊಡಗಿದರು. ಕತ್ತರಿ, ರೋಗಿ, ಹೊಟ್ಟೆ, ಮಗುವಿನ ಬಟ್ಟೆ, ಕೊನೆಗೆ ನನ್ನ ಹೆಸರು. “ಚೆನ್ನಾಗಿ ಹೇಳಿದ್ದೆ ನೀನು. ಅದಕ್ಕೇ ಒಂದಕ್ಷರ ಬಿಡದೆ ಬರೆದಿಟ್ಟೆ.”

ಅವರು ನನ್ನನ್ನು ಹಂಗಿಸುತ್ತಿರಲಿಲ್ಲ, ಪಾಪ, ಮೆಚ್ಚುತ್ತಿದ್ದರು. ಹಂಗಿಸಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಉತ್ತರ ಹೇಗಿರಬೇಕೆಂದೂ ಹೇಳಿಕೊಟ್ಟರು. ಆಕ್ಷೇಪಣೆ ಇರುವ ಅದೇ ಹಾಳೆಯ ಕೆಳಗೆ, ಹುದ್ದೆ ಹಂಚಿಕೊಳ್ಳುವ ಇಬ್ಬರೂ ಜವಾಬ್ದಾರಿ ಒಪ್ಪಿ ಸಹಿ ಹಾಕಬೇಕು ಎಂದು ಆ ಹಾಳೆಯನ್ನು ಫೈಲಿನಿಂದ ಬಿಚ್ಚಿ ನನ್ನ ಕೈಗಿತ್ತರು. ಇನ್ನೊಬ್ಬರು ಆವಿಯಂತ್ರದ ಪರೀಕ್ಷೆ ಪಾಸಾದವರೇ ಆಗಿರಬೇಕು. ಸೋಮವಾರದೊಳಗೆ ತರಬೇಕು, ಇಲ್ಲವಾದರೆ ಪೂರ್ತಿ ದಿನ ಬರಬೇಕು, ಅದೂ ಆಗದಿದ್ದರೆ ಕೆಲಸ ಬಿಡಬೇಕು. ಪರೀಕ್ಷೆ ಪಾಸಾಗಿ ಕೆಲಸವಿಲ್ಲದೆ ಇದ್ದವರು ನನಗೆ ತಿಳಿದಂತೆ ಇಡೀ ಊರಿಗೆ ಒಬ್ಬರೇ.

ಮನೆಯಲ್ಲಿ ಎಲ್ಲ ಹೇಳಿದೆ. ಅತ್ತೆ ಮಗುವಿನ ಬೆನ್ನು ತಟ್ಟುತ್ತಲೇ, “ಹೋಗಿ ತಪ್ಪಾಯ್ತು ಅನ್ನು. ಅಷ್ಟು ಅಂದ್ರೆ ನಿನ್ನ ಬಾಯಿಂದ ಮುತ್ತೇನೂ ಉದುರಿ ಹೋಗಲ್ಲ,” ಎಂದರು. ಮರುದಿನ ಮಗುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಆ ಒಂದು ಮಾತನ್ನೇ ಉರು ಹೊಡೆದೆ. ಎದುರು ಸೀಟಿನ ಮುದುಕರು, ನಾನು ಅವರಿಗೇ ಹೇಳುತ್ತಿದ್ದೇನೆಂದುಕೊಂಡು, “ಇರಲಿ ಬಿಡಮ್ಮ,” ಎಂದರು.

ಅಕ್ಕನ ಮನೆ ಮೂರನೇ ಮಹಡಿ. ಮೆಟ್ಟಿಲ ತಿರುವಿನಲ್ಲಿ ನಿಂತು ಬ್ಯಾಗಿನಿಂದ ಹಾಳೆ ತೆಗೆದೆ. ನನ್ನ ಮಾತು ಮೇಲಿನ ಅರ್ಧದಲ್ಲಿತ್ತು, ಸಹಿಯ ಜಾಗ ಕೆಳಗಿನ ಅರ್ಧದಲ್ಲಿ. ಮಗಳು ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದಳು. ಹಾಳೆಯನ್ನು ಗೋಡೆಗೊತ್ತಿ, ಮೇಲಿನ ಅರ್ಧವನ್ನು ಹಿಂದಕ್ಕೆ ಮಡಚಿ ಉಗುರಿನಿಂದ ಗಟ್ಟಿಯಾಗಿ ತೀಡಿದೆ.

ಅಕ್ಕ ಬಾಗಿಲು ತೆಗೆದವರು, “ಅಯ್ಯೋ, ನೀನಾ! ಇದು ನಿನ್ನ ಕೂಸಾ? ಕೊಡು ಇಲ್ಲಿ,” ಎಂದು ಮಗುವನ್ನು ಕಸಿದುಕೊಂಡೇಬಿಟ್ಟರು. ಒಳಗೆ ಕಿಟಕಿಯ ಹತ್ತಿರ ಅಂಗಿಗಳ ರಾಶಿ, ಒಂದು ಡಬ್ಬಿ ತುಂಬ ಗುಂಡಿಗಳು. ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಕೂತು ಅಂಗಿಗೆ ಗುಂಡಿ ಹಾಕಿಕೊಡುತ್ತಿದ್ದರು. ಬೆರಳ ತುದಿಗಳು ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದವು. ಆ ಬೆರಳುಗಳನ್ನು ನೋಡಿದ ಮೇಲೆ, ತಪ್ಪಾಯ್ತು ಅನ್ನುವ ಬದಲು, ಒಂದು ಅಂಗಿಗೆ ಎಷ್ಟು ಕೊಡುತ್ತಾರೆ ಎಂದು ಕೇಳಿದೆ.

ವಿಷಯ ಹೇಳಿದೆ, ಅರ್ಧ ವಿಷಯ ಮಾತ್ರ. ಅಕ್ಕನ ಮುಖ ಅರಳಿತು.

“ಮಧ್ಯಾಹ್ನ ನಾನು ಬರ್ತೀನಿ. ಮಗ ಈಗ ಶಿಶುವಿಹಾರಕ್ಕೆ ಹೋಗ್ತಾನೆ, ಸಂಜೆವರೆಗೂ ಅಲ್ಲೇ ಇಟ್ಕೊಳ್ತಾರೆ. ಎಷ್ಟೆಲ್ಲ ಜನ ಇದ್ರೂ ನನ್ನನ್ನ ನೆನಪು ಮಾಡ್ಕೊಂಡ್ಯಲ್ಲ! ಎಲ್ಲಿ, ಎಲ್ಲಿ ಸಹಿ ಹಾಕ್ಬೇಕು?”

ಹಾಳೆಯನ್ನು ಮಡಚಿದಂತೆಯೇ ಮೇಜಿನ ಮೇಲಿಟ್ಟು, ಮಡಿಕೆಯ ಮೇಲೆ ಹೆಬ್ಬೆರಳು ಒತ್ತಿಕೊಂಡು, “ಇಲ್ಲಿ ಅಕ್ಕಾ,” ಎಂದೆ.

ಎಂಥ ಪೆದ್ದಿ ನಾನು! ಹದಿನಾರು ವರ್ಷ ಟ್ರೇ ಕಟ್ಟಿದ ಕೈ ಅದು. ಒಳಗೇನಿದೆ ಎಂದು ನೋಡದೆ ಅದು ಸಹಿ ಹಾಕಿದ್ದೇ ಇಲ್ಲ. ಅಕ್ಕನಿಗೆ ಅನುಮಾನವೇನೂ ಬಂದಿರಲಿಲ್ಲ. ಮಾತಾಡುತ್ತಾ, ಮಗುವನ್ನು ತೊಡೆಯ ಮೇಲೆ ಕುಣಿಸುತ್ತಾ, ಬರೀ ಅಭ್ಯಾಸಬಲದಿಂದ ನನ್ನ ಹೆಬ್ಬೆರಳನ್ನು ಮೆಲ್ಲಗೆ ಸರಿಸಿ ಹಾಳೆ ಬಿಡಿಸಿದರು. ಅಂಗೈಯಿಂದ ಸವರಿ ಸುಕ್ಕು ತೆಗೆದರು. ಓದಿದರು.

ತೊಡೆ ಕುಣಿಯುವುದು ನಿಂತಿತು.

“ಇದು ನೀನು ಹೇಳಿದ್ದಾ?”

“ಹೌದಕ್ಕಾ.”

“ಮಡಚಿದ್ದು?”

“ಅದೂ ನಾನೇ.”

ಅಕ್ಕ ನನ್ನನ್ನು ನೋಡಲಿಲ್ಲ, ಮಗುವಿನ ಬಾಯಿ ಒರೆಸಿದರು.

“ಆ ಮಾತು ಹುಡುಗಾಟಕ್ಕೆ ಅಂದಿರ್ತೀಯ, ಬಿಡು. ಆಗ ನಿಂಗೇನು ಗೊತ್ತಿತ್ತು? ಈಗ ಎಲ್ಲ ಗೊತ್ತಾದ ಮೇಲೆ ಮಡಚಿದ್ಯಲ್ಲ, ಇದು ಹುಡುಗಾಟ ಅಲ್ಲ.”

ತಪ್ಪಾಯ್ತು ಎಂದೆ. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಎಂದೆ. ಕೇಳಿಸಿತ್ತು. ಅಕ್ಕ ಎದ್ದು ಒಳಗಿನಿಂದ ಪೆನ್ನು ತಂದರು.

“ನನಗೆ ಆ ಕೆಲಸ ಇಷ್ಟ, ಅದಕ್ಕೆ ಹಾಕ್ತಿದ್ದೀನಿ. ನಿನಗೋಸ್ಕರ ಅಂದ್ಕೋಬೇಡ,” ಎಂದು ಸಹಿ ಹಾಕಿ, ಮಗುವನ್ನು ನನ್ನ ಕೈಗಿತ್ತರು.

ಈಗ ನಾನು ಬೆಳಿಗ್ಗೆ ಹೋಗುತ್ತೇನೆ, ಹನ್ನೆರಡೂವರೆಗೆ ಅಕ್ಕ ಬರುತ್ತಾರೆ, ಅದೇ ಗರಿಗರಿ ಕೋಟಿನಲ್ಲಿ. ಮಗಳು ಹೇಗಿದ್ದಾಳೆ ಎಂದು ಕೇಳುತ್ತಾರೆ, ಅವಳಿಗೆ ಹಲ್ಲು ಬಂದಾಗ ಒಂದು ಟೋಪಿ ಹೊಲಿದು ಕೊಟ್ಟರು. ಮುನಿಸೇನೂ ಇಲ್ಲ. ಆದರೆ ನಮ್ಮ ಕೋಣೆಯಲ್ಲಿ ಒಂದು ಮರ್ಯಾದೆಯಿದೆ: ಒಬ್ಬರು ಸಹಿ ಹಾಕಿದ ಟ್ರೇಯನ್ನು ಇನ್ನೊಬ್ಬರು ಬಿಚ್ಚುವುದಿಲ್ಲ. ಬಿಚ್ಚಿದರೆ ನಿನ್ನ ಮೇಲೆ ನಂಬಿಕೆಯಿಲ್ಲ ಎಂದು ಮುಖಕ್ಕೇ ಹೇಳಿದಂತೆ. ಅಕ್ಕ ಬಂದು ಕೈ ತೊಳೆದು, ಯಂತ್ರಕ್ಕೆ ಹೋಗದೆ ಉಳಿದ ನನ್ನ ಟ್ರೇಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಮೊದಲಿನಿಂದ ಎಣಿಸುತ್ತಾರೆ. ನಾನು ಚೀಲ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲಿ ನಿಂತು ಪಟ್ಟಿ ಓದುತ್ತೇನೆ. ಬೇರೆಯವರಾಗಿದ್ದರೆ ಜಗಳ ತೆಗೆಯುತ್ತಿದ್ದೆ.

ಮೇಲ್ವಿಚಾರಕರಿಗೆ ಖುಷಿಯೋ ಖುಷಿ. “ಇಬ್ಬರ ಕೈ ಅಂದ್ರೆ ಎರಡು ಸಲ ಎಣಿಕೆ, ನೋಡಿ ಕಲೀರಿ,” ಎಂದು ಬೇರೆ ವಿಭಾಗದವರನ್ನು ಕರೆತಂದು ತೋರಿಸುತ್ತಾರೆ. ಅಕ್ಕ ತಲೆ ಎತ್ತುವುದಿಲ್ಲ. ನಾನೂ ತಲೆ ಎತ್ತುವುದಿಲ್ಲ.

ಎರಡು ವರ್ಷವಾಯಿತು. ಇವತ್ತಿನವರೆಗೆ ನನ್ನ ಟ್ರೇಯಲ್ಲಿ ಒಂದು ಚಿಮಟವೂ ಕಡಿಮೆ ಬಂದಿಲ್ಲ. ಅಕ್ಕ ಎಣಿಸುವುದನ್ನು ಬಿಟ್ಟೂ ಇಲ್ಲ.